ಮಣ್ಣಗುಡ್ಡದ ಐದು ಹುಂಜಗಳ ಕೊಲೆ

ನನ್ನ ತಂಗಿಯ ಮೊಮ್ಮಗಳು ಶೋಭಾ ಸಬ್ ಇನ್ಸ್‌ಪೆಕ್ಟರ್ ತರಬೇತಿಗೆ ಹೋಗುವ ಮೊದಲು ಆಶೀರ್ವಾದಕ್ಕೆಂದು ಮನೆಗೆ ಬಂದಿದ್ದಳು. ಫೋನಿನಲ್ಲಿ ಕೊಲೆಯ ಸಿನಿಮಾಗಳನ್ನೇ ನೋಡುವ ಹುಡುಗಿ. "ಅಜ್ಜ, ನಿಮ್ಮ ಸರ್ವಿಸಿನಲ್ಲಿ ಸೀರಿಯಲ್ ಕಿಲ್ಲರ್ ಯಾರಾದ್ರೂ ಸಿಕ್ಕಿದ್ದಾರಾ?" ಎಂದು ಕೇಳಿದಳು.

"ಒಬ್ಬರು ಸಿಕ್ಕಿದ್ದರು. ಕೇಸು ಹಾಕಲು ಧೈರ್ಯ ಬರಲಿಲ್ಲ," ಎಂದೆ.

ಅಜ್ಜ ತಮಾಷೆ ಮಾಡುತ್ತಿದ್ದಾರೆ ಎಂದು ನಕ್ಕು ಹೋದಳು. ಅವಳಿಗಾಗಿ, ಅವಳ ಜೊತೆ ತರಬೇತಿಯಲ್ಲಿರುವ ಮಕ್ಕಳಿಗಾಗಿ ಆ ಪ್ರಕರಣವನ್ನು ಬರೆದಿಡುತ್ತಿದ್ದೇನೆ. ನನ್ನ ತೋಳಿಗೆ ಯಾವಾಗ ಎಷ್ಟು ಪಟ್ಟಿ ಸಿಕ್ಕಿತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದರಿಂದ ನಿಮಗೆ ಏನೂ ಪ್ರಯೋಜನವಿಲ್ಲ. ನಾನು ಎಲ್ಲಿ ಬಿದ್ದೆ ಎಂಬುದನ್ನು ತಿಳಿದುಕೊಂಡರೆ ನೀವು ಅಲ್ಲಿ ಸ್ವಲ್ಪ ನೋಡಿ ನಡೆಯಬಹುದು.

ಎಪ್ಪತ್ತರ ದಶಕದ ಕೊನೆ. ನಾನು ಮಂಗಳೂರಿನ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಕಳವಿನ ಪತ್ತೆ ಕೆಲಸ ನನ್ನದು. ಕಂಪ್ಯೂಟರ್ ಇಲ್ಲ, ಕ್ಯಾಮರಾ ಇಲ್ಲ. ಹೋಟೆಲಿನಲ್ಲಿ ಒಂದು ಚಾ ಹಿಡಿದುಕೊಂಡು ಅರ್ಧ ಗಂಟೆ ಬಾಯಿ ಮುಚ್ಚಿ ಕೂತರೆ ಊರಿನ ಸುದ್ದಿಯೆಲ್ಲ ತಾನಾಗಿ ಕಿವಿಗೆ ಬರುತ್ತಿತ್ತು. ಸೈಕಲ್, ಕಾಲುದೀಪ, ತಾಮ್ರದ ಹಂಡೆ, ಇವೇ ನಮ್ಮ ದೊಡ್ಡ ಕೇಸುಗಳು. ಒಮ್ಮೆ ಒಂದು ಹಂಡೆಯನ್ನು ಮೂರು ತಿಂಗಳು ಊರೆಲ್ಲ ಹುಡುಕಿದ್ದೆ. ಕೊನೆಗೆ ನೋಡಿದರೆ ಅದು ಫಿರ್ಯಾದಿಯ ಭಾವನ ಬಚ್ಚಲಿನಲ್ಲೇ ದಿನವೂ ನೀರು ಕಾಯಿಸುತ್ತಿತ್ತು. ಕಳ್ಳನನ್ನು ಹುಡುಕುವಾಗ ಮನೆಯಿಂದ ಶುರುಮಾಡಬೇಕು ಎಂಬ ಪಾಠ ನನಗೆ ಅಲ್ಲೇ ಸಿಕ್ಕಿತ್ತು. ಸಿಕ್ಕಿದ ಪಾಠವನ್ನು ಮರೆತದ್ದು ಹೇಗೆ ಎಂಬುದೇ ಈ ಕಥೆ.

ಆ ವರ್ಷ ಒಂದು ಸಿನಿಮಾ ಕಂಪೆನಿ ನಮ್ಮೂರಿಗೆ ಬಂತು. ಬೋಳಾರದಲ್ಲಿ ನದಿಯ ಬದಿಯ ಹಳೆಯ ಹಂಚಿನ ಗೋದಾಮೊಂದರಲ್ಲಿ ಶೂಟಿಂಗ್. ಒಬ್ಬ ಪತ್ತೇದಾರ, ಸಾಲಾಗಿ ಕೊಲೆ ಮಾಡುವ ಒಬ್ಬ ಹಂತಕ, ಇವನು ಅವನನ್ನು ಬೆನ್ನಟ್ಟುವುದು, ಇದು ಕಥೆ. ನಾಯಕನಟರಿಗೆ ನಿಜವಾದ ಪತ್ತೇದಾರನ ಜೊತೆ ಕೆಲವು ದಿನ ತಿರುಗಿ ಅವನ ಹಾವಭಾವ ಕಲಿಯಬೇಕಂತೆ. ಇನ್ಸ್‌ಪೆಕ್ಟರ್ ನನ್ನನ್ನು ಕರೆದರು.

"ಪೂಜಾರಿ, ನಿಮಗೆ ಸಿನಿಮಾ ಆಗ್ತದಾ?"

"ಆಗ್ತದೆ ಸರ್. ಥಿಯೇಟರಿನಲ್ಲಿ ಬಂದೋಬಸ್ತ್ ಇದ್ದರೆ ನಿಂತುಕೊಂಡೇ ನೋಡ್ತೇನೆ."

"ಹಾಗಾದ್ರೆ ಈ ಜನವನ್ನು ನೀವೇ ಸುಧಾರಿಸಿ," ಎಂದು ಎದುರು ಕೂತವರನ್ನು ತೋರಿಸಿದರು.

ಅವರ ಹೆಸರು ಬೇಡ. ನಾವೆಲ್ಲ ಹೀರೋ ಸಾರ್ ಎಂದೇ ಕರೆಯುತ್ತಿದ್ದೆವು. ಮೈಸೂರಿನ ಕಡೆಯವರು, ಒಳ್ಳೆಯ ಮನುಷ್ಯ. ಪಾತ್ರಕ್ಕಾಗಿ ಹದಿನೈದು ದಿನಗಳಿಂದ ಗಡ್ಡ ಬೋಳಿಸಿರಲಿಲ್ಲ. ಮೊದಲ ದಿನವೇ ನೋಟ್‌ಬುಕ್ ತೆರೆದು, "ಸಂಕಪ್ಪನೋರೆ, ಕೆಲಸದ ವಿಷಯದಲ್ಲಿ ನಿಮ್ಮನ್ನ ಒಳಗೊಳಗೇ ಕಾಡೋದು ಏನು ಹೇಳಿ?" ಎಂದರು.

"ವರ್ಗಾವಣೆ," ಎಂದೆ.

ಅವರು ಅದನ್ನೂ ಬರೆದುಕೊಂಡರು. ಆಮೇಲೆ ತಮ್ಮ ಕಥೆ ಹೇಳಿದರು. ಪತ್ತೇದಾರನ ಹೆಂಡತಿ ಬಿಟ್ಟು ಹೋಗಿದ್ದಾಳೆ, ಇವನಿಗೆ ನಿದ್ದೆಯಿಲ್ಲ, ಕುಡಿತ ಬೇರೆ. ಹಂತಕ ಹತ್ತು ಜನರನ್ನು ಕೊಲ್ಲುತ್ತಾನೆ, ಪ್ರತಿ ಸಲವೂ ಒಂದು ಗುರುತು ಬಿಟ್ಟು ಹೋಗುತ್ತಾನೆ.

"ಹತ್ತು ಕೊಲೆ ಆಗುವ ತನಕ ನಿಮ್ಮನ್ನು ಸಸ್ಪೆಂಡ್ ಮಾಡುವುದಿಲ್ವಾ? ನಮ್ಮಲ್ಲಿ ಈ ಗಡ್ಡ ಬಿಟ್ಟುಕೊಂಡು ರೋಲ್‌ಕಾಲಿಗೆ ಬಂದರೇ ಮೆಮೊ," ಎಂದೆ.

ಹೀಗೆ ನಾವು ಮಾತನಾಡುತ್ತಿರುವಾಗಲೇ ನಾರಾಯಣ ಶೆಟ್ಟರು ಒಳಗೆ ಬಂದರು. ಬಲ್ಮಠದಲ್ಲಿ ಅವರದ್ದೊಂದು ಸಸ್ಯಾಹಾರಿ ಹೋಟೆಲು. ವಾಸ ಅದರ ಮಾಳಿಗೆಯಲ್ಲಿ. ಮಣ್ಣಗುಡ್ಡದಲ್ಲಿ ಅವರ ಅಕ್ಕನ ಮನೆ. ಶೆಟ್ಟರ ಹುಂಜಗಳು ಇದ್ದದ್ದು ಆ ಮನೆಯ ಹಿತ್ತಿಲಿನಲ್ಲಿ.

"ಇನ್ಸ್‌ಪೆಕ್ಟ್ರೇ, ನಾಲ್ಕನೆಯದ್ದೂ ಹೋಯ್ತು!" ಎಂದು ಕುರ್ಚಿಗೆ ಕುಸಿದರು.

ಪ್ರತಿ ಸಲವೂ ಒಂದೇ ರೀತಿ. ಆದಿತ್ಯವಾರ ನೋಡುವಾಗ ಒಂದು ಹುಂಜ ಇಲ್ಲ. ಹಿತ್ತಿಲ ಹಲಸಿನ ಮರದ ಬುಡದಲ್ಲಿ ಒಂದು ಪೊಟ್ಟಣ. ಹಳೆಯ ಪೇಪರಿನಲ್ಲಿ ಹುಂಜದ ತಲೆ, ಕಾಲು, ಪುಕ್ಕ ಎಲ್ಲವನ್ನೂ ಸುತ್ತಿ, ಬಾಳೆನಾರಿನಲ್ಲಿ ಚಂದವಾಗಿ ಕಟ್ಟಿ ಇಟ್ಟಿರುತ್ತಿತ್ತು. ದೇಹ ಎಲ್ಲೂ ಇಲ್ಲ.

ಇನ್ಸ್‌ಪೆಕ್ಟರ್ ಗಂಭೀರವಾಗಿ ಕೇಳಿದರು, "ಹುಂಜಗಳನ್ನು ಎಂತಕ್ಕೆ ಸಾಕಿದ್ದು ಶೆಟ್ರೇ?"

"ಪ್ರೀತಿಗೆ."

"ಪ್ರೀತಿಗೆ ಸಾಕಿದ ಹುಂಜದ ಕಾಲಿಗೆ ಕತ್ತಿ ಕಟ್ಟುವುದು ಯಾರು?"

ಶೆಟ್ಟರು ಫ್ಯಾನು ನೋಡಿದರು. ಹುಂಜಗಳನ್ನು ಕಾದಾಡಿಸುವ ಕೋಳಿ ಅಂಕದ ಹುಚ್ಚು ಅವರಿಗೆ ಎಷ್ಟೆಂಬುದು ಠಾಣೆಯ ಗೋಡೆಗೂ ಗೊತ್ತಿತ್ತು. ಅಂಕದ ಜೂಜಿಗೆ ನಾವೇ ಎರಡು ಸಲ ದಾಳಿ ಮಾಡಿದ್ದೆವು. ಎರಡು ಸಲವೂ ಶೆಟ್ಟರು ಗದ್ದೆಯ ಬದುವಿನ ಮೇಲೆ ನಮಗಿಂತ ಚುರುಕಾಗಿ ಓಡಿದ್ದರು.

"ಬರೆದುಕೊಳ್ಳುವುದು ಬೇಡ, ಹುಡುಕಿ ಕೊಟ್ಟರೆ ಸಾಕು," ಎಂದರು ಶೆಟ್ಟರು.

ಹೀಗೆ ಕೇಸು ದಾಖಲಾಗದೆ ತನಿಖೆ ಶುರುವಾಯಿತು. ಮಕ್ಕಳೇ, ಹಾಗೆ ಯಾವತ್ತೂ ಮಾಡಬೇಡಿ. ಕಾಗದದಲ್ಲಿ ಇಲ್ಲದ ಕೇಸಿನಲ್ಲಿ ನಿಮ್ಮ ತಪ್ಪಿಗೆ ಲಗಾಮು ಇರುವುದಿಲ್ಲ.

ಮಣ್ಣಗುಡ್ಡದ ಹಿತ್ತಿಲಿನಲ್ಲಿ ಪೊಟ್ಟಣ ನೋಡಿದ್ದೇ ಹೀರೋ ಸಾರ್ ಕಣ್ಣು ಅರಳಿತು. ಮೊಣಕಾಲೂರಿ ಕೂತು ಬಾಳೆನಾರಿನ ಗಂಟನ್ನು ನೋಡಿದರು.

"ಇದು ಕಸ ಅಲ್ಲ ಸಂಕಪ್ಪನೋರೆ. ಇದು ಸಂದೇಶ. ಇಲ್ಲಿ ಯಾರೋ ಯಾರಿಗೋ ಏನೋ ಹೇಳ್ತಿದಾರೆ."

"ಎಂತ ಹೇಳ್ತಾರೆ?"

"ಚಿಕ್ಕಂದಿನಲ್ಲಿ ಹುಂಜದಿಂದ ನೋವು ತಿಂದಿರೋ ಮನುಷ್ಯ ಇವನು. ಆ ಗಾಯ ಇನ್ನೂ ಮಾಗಿಲ್ಲ."

ಈಗ ನಗು ಬರುತ್ತದೆ. ಆದರೆ ಸಿನಿಮಾದವರೊಬ್ಬರು ಹೆಗಲ ಮೇಲೆ ಕೈಹಾಕಿ "ನಾವಿಬ್ರೂ ಹಿಡೀತೀವಿ" ಎಂದರೆ ಯಾರ ತಲೆಯೂ ಸ್ವಲ್ಪ ತಿರುಗುತ್ತದೆ. ನಾನು ಗಾಯದ ಮನುಷ್ಯನನ್ನು ಹುಡುಕಲು ಹೊರಟೆ. ಹುಡುಕುವವನಿಗೆ ಬೇಕಾದದ್ದು ಸಿಕ್ಕಿಯೇ ಸಿಗುತ್ತದೆ.

ಸಿಕ್ಕಿದವರು ಸುಂದರ ಭಟ್ಟರು. ಶೆಟ್ಟರ ಹೋಟೆಲಿನಲ್ಲಿ ಹನ್ನೊಂದು ವರ್ಷದಿಂದ ದೋಸೆ ಹೊಯ್ಯುವವರು. ಪ್ರತಿ ಆದಿತ್ಯವಾರ ಬೆಳಿಗ್ಗೆ ಸೈಕಲಿನಲ್ಲಿ ಅಕ್ಕನ ಮನೆಗೆ ತಿಂಡಿ ತಲುಪಿಸುತ್ತಿದ್ದವರು ಅವರೇ. ಹುಬ್ಬಿನ ಮೇಲೆ ಹುಂಜ ಕುಕ್ಕಿದ ಹಳೆಯ ಗುರುತು ಬೇರೆ. ಒಂದು ಸಲ ಹಿತ್ತಿಲಿನಲ್ಲಿ ಹುಂಜ ಅಟ್ಟಿಸಿಕೊಂಡು ಬಂದಾಗ, "ಈ ಅನಿಷ್ಟಗಳು ಒಂದೊಂದಾಗಿ ಸಾಯಲಿ" ಎಂದು ಶಾಪ ಹಾಕಿದ್ದನ್ನು ಪಕ್ಕದ ಮನೆಯವರು ಕೇಳಿದ್ದರು. ನನಗೆ ಇನ್ನೆಂತ ಬೇಕು!

ಬೆಳಗಿನ ತಿಂಡಿಯ ಹೊತ್ತಿಗೆ ಜೀಪು ತಗೊಂಡು ಹೋದೆ. ಹೋಟೆಲು ತುಂಬ ಗಿರಾಕಿಗಳು. ಭಟ್ಟರ ಕೈಯಲ್ಲಿ ಹಿಟ್ಟಿನ ಸೌಟು ಇತ್ತು. "ಬನ್ನಿ ಭಟ್ರೇ, ಸ್ವಲ್ಪ ಮಾತಾಡಲಿಕ್ಕೆ ಉಂಟು," ಎಂದೆ. ಕಾವಲಿಯ ಮೇಲೆ ನಾಲ್ಕು ದೋಸೆಗಳನ್ನು ಹಾಗೇ ಬಿಟ್ಟು ಅವರು ಹೊರಗೆ ಬಂದರು. ಜೀಪು ಹೊರಡುವಾಗ ಒಳಗೆ ಒಬ್ಬರೂ ತಿನ್ನುತ್ತಿರಲಿಲ್ಲ, ಎಲ್ಲರೂ ನೋಡುತ್ತಿದ್ದರು.

ಠಾಣೆಯಲ್ಲಿ ಹೀರೋ ಸಾರ್ ಭಟ್ಟರ ಎದುರು ಕೂತು ಮೆಲ್ಲಗೆ ಕೇಳಿದರು. "ಬೆಳಗಿನ ಜಾವ ಹುಂಜ ಕೂಗಿದ್ರೆ ನಿಮಗೆ ಎದೆ ಹೊಡ್ಕೊಳುತ್ತಾ?"

"ನನ್ನನ್ನು ಹುಂಜ ಎಬ್ಬಿಸುವುದಿಲ್ಲ ಸ್ವಾಮಿ, ನಾನೇ ಹುಂಜವನ್ನು ಎಬ್ಬಿಸುವುದು. ಹಿಟ್ಟು ನೋಡ್ಲಿಕ್ಕೆ ನಾಲ್ಕಕ್ಕೆ ಏಳಬೇಕಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಪೂಜಾರ್ರೇ, ನಾನು ಮೊಟ್ಟೆ ಸಹ ಮುಟ್ಟಿದವನಲ್ಲ. ಇದು ನಿಮಗೆ ಗೊತ್ತುಂಟು."

ನನಗೆ ಗೊತ್ತಿತ್ತು. ಮಧ್ಯಾಹ್ನ ಇನ್ಸ್‌ಪೆಕ್ಟರ್ ಬಂದು, ಏನೆಂದು ಕೇಳಿ, ನನ್ನನ್ನು ಒಳಗೆ ಕರೆದು, "ನಾಳೆ ಹಾಲು ಕದ್ದ ಕೇಸು ಬಂದ್ರೆ ದನವನ್ನು ತರ್ತೀರಾ?" ಎಂದು ಬೈದು ಭಟ್ಟರನ್ನು ಕಳುಹಿಸಿದರು. ಆದರೆ ಕಳುಹಿಸಿದ್ದು ಎಲ್ಲಿಗೆ? ಪೊಲೀಸರು ಹಿಡಿದ ಮೇಲೆ ಏನಾದರೂ ಇದ್ದೇ ಇರುತ್ತದೆ ಎಂದು ಶೆಟ್ಟರು ನಂಬಿದರು. "ನನ್ನ ಕಣ್ಣೆದುರು ಬರಬೇಡಿ," ಎಂದು ಭಟ್ಟರನ್ನು ಕೆಲಸದಿಂದ ತೆಗೆದರು. ಅವರು ಬೋಳಾರದ ಬಾಡಿಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೆಂಡತಿ, ಶಾಲೆಗೆ ಹೋಗುವ ಎರಡು ಹೆಣ್ಣುಮಕ್ಕಳು. ನಾನು ಎರಡು ದಿನ ಆ ರಸ್ತೆಯನ್ನು ತಪ್ಪಿಸಿ ಸುತ್ತು ಹಾಕಿ ಹೋದೆ.

ಶೆಟ್ಟರಿಗೆ ಮಾತ್ರ ಸಂತೋಷ. ಕೊಲೆಗಾರ ಸಿಕ್ಕಿದನಲ್ಲ! ಮುಂದಿನ ಆದಿತ್ಯವಾರ ಅಕ್ಕನ ಮನೆಯಲ್ಲಿ ಊಟಕ್ಕೆ ನನ್ನನ್ನೂ ಹೀರೋ ಸಾರ್‌ರನ್ನೂ ಕರೆದರು. ಹೋಟೆಲಿನಲ್ಲಿ ವಾರವಿಡೀ ತರಕಾರಿ ಸಾಂಬಾರಿನ ಘಮ ಕುಡಿಯುವ ಮನುಷ್ಯ. ಆದಿತ್ಯವಾರ ಮಧ್ಯಾಹ್ನ ಅಕ್ಕನ ಕೈಯ ಕೋಳಿ ಸಾರಿಗಾಗಿ ಕಾಯುತ್ತಿದ್ದರು.

ಅಕ್ಕ ಎಂದರೆ ರುಕ್ಮಿಣಿಯಕ್ಕ. ಐವತ್ತೈದು ದಾಟಿದ ವಿಧವೆ. ಆಸ್ತಿ ಹೆಣ್ಣುಮಕ್ಕಳಿಗೇ ಹೋಗುವ ನಮ್ಮ ಕಡೆಯ ಕ್ರಮದಂತೆ ಮನೆ, ಹಿತ್ತಿಲು ಎಲ್ಲ ಅವರದ್ದೇ. ಒಬ್ಬನೇ ಮಗ ಜಯರಾಮ, ಕಾಲೇಜಿಗೆ ಹೋಗುತ್ತಿದ್ದ. ಅವನ ಬಲಗೈಯ ಎರಡು ಬೆರಳುಗಳು ಮಡಚುತ್ತಿರಲಿಲ್ಲ ಎಂಬುದನ್ನು ನಾನು ಅವತ್ತು ಊಟಕ್ಕೆ ಕೂತಾಗ ಮೊದಲ ಸಲ ಗಮನಿಸಿದೆ. ಅನ್ನವನ್ನು ಮೂರೇ ಬೆರಳಿನಲ್ಲಿ ಕಲಸುತ್ತಿದ್ದ.

ಬಾಳೆಲೆಯ ಮೇಲೆ ಗರಿಗರಿ ಅಕ್ಕಿ ರೊಟ್ಟಿ ಮುರಿದು ಹಾಕಿ, ಮೇಲಿಂದ ಕೆಂಪು ಸಾರು ಸುರಿದರು ರುಕ್ಮಿಣಿಯಕ್ಕ. ಕೋರಿ ರೊಟ್ಟಿ. ಮೊದಲ ತುಂಡನ್ನು ಬಾಯಿಗಿಟ್ಟು ಕಚ್ಚಿದೆ. ಅದು ನನ್ನನ್ನೇ ವಾಪಸು ಕಚ್ಚಿದ ಹಾಗಾಯಿತು.

ನಾನು ಗೇಣಿ ಗದ್ದೆ ಮಾಡಿದವರ ಮಗ. ನನ್ನ ಅಪ್ಪನೂ ಅಂಕಕ್ಕೆ ಹೋಗುತ್ತಿದ್ದವರು, ಸೋತ ಹುಂಜ ಮನೆಗೆ ಬಂದ ದಿನ ನಮಗೆ ಹಬ್ಬ. ಅಂಕಕ್ಕೆಂದು ಮೇಯಿಸಿ, ಓಡಿಸಿ, ಈಜಿಸಿ ಬೆಳೆಸಿದ ಹುಂಜದ ಮಾಂಸವೇ ಬೇರೆ. ಬಣ್ಣ ಕಪ್ಪು, ಎಳೆ ಗಟ್ಟಿ, ಮೂಳೆ ಬೆರಳಿನಷ್ಟು ದಪ್ಪ, ರುಚಿಯಂತೂ ಮೂರು ದಿನ ನಾಲಗೆಯಲ್ಲಿ ಉಳಿಯುತ್ತದೆ. ಮಾರ್ಕೆಟಿನ ಕೋಳಿ ನಿಮ್ಮ ಹಲ್ಲಿನ ಜೊತೆ ಹೀಗೆ ಹೋರಾಡುವುದಿಲ್ಲ. ನಾನು ಅಗಿಯುತ್ತಾ ಅಗಿಯುತ್ತಾ ಲೆಕ್ಕ ಹಾಕಿದೆ. ಹುಂಜ ಕಾಣೆಯಾಗುವುದು ಆದಿತ್ಯವಾರ. ಶೆಟ್ಟರು ಇಲ್ಲಿ ಊಟ ಮಾಡುವುದೂ ಆದಿತ್ಯವಾರ. ತಲೆಯೆತ್ತಿ ರುಕ್ಮಿಣಿಯಕ್ಕನನ್ನು ನೋಡಿದೆ. ಅವರು ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಇನ್ನೊಂದು ಸ್ವಲ್ಪ ಹಾಕ್ಲಾ ಸಂಕಪ್ಪ?"

"ಸಾಕು ಅಕ್ಕೆರೆ," ಎಂದೆ.

"ನಂಗೆ ಹಾಕು ಅಕ್ಕ," ಎಂದರು ಶೆಟ್ಟರು. "ಇತ್ತೀಚೆಗೆ ನಿನ್ನ ಕೈರುಚಿ ಜಾಸ್ತಿಯಾಗಿದೆ ಮಾರಾಯ್ತಿ."

ಊಟವಾಗಿ ಕೈತೊಳೆದ ಶೆಟ್ಟರು, "ಬನ್ನಿ ಹೀರೋ ಸಾರ್, ನನ್ನ ಕೆಮ್ಮೈರೆಯನ್ನು ತೋರಿಸ್ತೇನೆ. ಅಂಥ ಕೆಂಪು ಹುಂಜ ಇಡೀ ಜಿಲ್ಲೆಯಲ್ಲಿಲ್ಲ," ಎಂದು ಹಿತ್ತಿಲಿಗೆ ಕರೆದುಕೊಂಡು ಹೋದರು. ಒಂದು ನಿಮಿಷದಲ್ಲಿ ಹೊರಗಿಂದ ಅವರ ಕೂಗು ಕೇಳಿತು. ಹಲಸಿನ ಬುಡದಲ್ಲಿ ಪೊಟ್ಟಣ ಇತ್ತು.

"ಭಟ್ಟ ಮತ್ತೆ ಬಂದಿದ್ದಾನೆ!" ಎಂದು ಒಳಗಿದ್ದ ಅಕ್ಕನಿಗೆ ಕೇಳದ ಹಾಗೆ ಪಿಸುಗುಟ್ಟಿ ಎದೆ ಬಡಿದುಕೊಂಡರು ಶೆಟ್ಟರು. ಹೀರೋ ಸಾರ್ ಪೊಟ್ಟಣದ ಮೇಲೆ ಬಗ್ಗಿದರು. ನಾನು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಸಾಕ್ಷ್ಯವನ್ನು ನಾಲಗೆಯಲ್ಲಿ ತಳ್ಳುತ್ತಾ ನಿಂತೆ.

ಮರುದಿನ ಶೆಟ್ಟರು ಹೋಟೆಲಿನಲ್ಲಿರುವ ಹೊತ್ತು ನೋಡಿ, ಹೀರೋ ಸಾರ್‌ರನ್ನೂ ಕರೆದುಕೊಂಡು ಮಣ್ಣಗುಡ್ಡಕ್ಕೆ ಹೋದೆ. ರುಕ್ಮಿಣಿಯಕ್ಕ ಮೆಟ್ಟುಕತ್ತಿಯ ಮೇಲೆ ಕೂತು ಬಸಳೆ ಹೆಚ್ಚುತ್ತಿದ್ದರು.

"ಅಕ್ಕೆರೆ, ನಿನ್ನೆಯ ಕೋಳಿ ಯಾವ ಮಾರ್ಕೆಟಿನದ್ದು?"

"ನಿನಗೆ ನಿನ್ನೆಯೇ ಗೊತ್ತಾಯ್ತು ಅಂತ ನನಗೂ ಗೊತ್ತಾಯ್ತು," ಎಂದರು ತಲೆಯೆತ್ತದೆ. "ಬರ್ಕೋ. ಯಾವ ಸೆಕ್ಷನ್ ಹಾಕ್ತಿ? ಹಿತ್ತಿಲು ನನ್ನದು, ಅವು ತಿಂದ ಅಕ್ಕಿ ನನ್ನದು, ಮಸಾಲೆ ಅರೆದ ಕೈ ನನ್ನದು."

"ಕಾರಣ ಹೇಳಿ ಅಕ್ಕೆರೆ."

ಬಸಳೆ ಹೆಚ್ಚುವುದು ನಿಂತಿತು. "ಮಗನ ಕೈ ನೋಡಿದೆಯಲ್ಲ. ಸೋದರಮಾವ ಅಂಕಕ್ಕೆ ಕರ್ಕೊಂಡು ಹೋದ. ಹುಂಜದ ಕಾಲಿಗೆ ಕತ್ತಿ ಕಟ್ಟು ಅಂತ ಇವನ ಕೈಗೆ ಕೊಟ್ಟ. ಹುಂಜ ಹಾರಿತು. ನರ ತುಂಡಾಗಿ ಬಂದ ಮಗ. ಇನ್ನು ಆ ಹುಂಜಗಳು ಈ ಹಿತ್ತಿಲಲ್ಲಿ ಬೇಡ ಅಂದೆ. ನನ್ನ ತಮ್ಮ ನಗಾಡಿದ. ಅಂಕ ಅಂದ್ಮೇಲೆ ಇದೆಲ್ಲ ಇದ್ದದ್ದೇ ಅಂದ. ಆ ಆದಿತ್ಯವಾರ ಮೊದಲನೆಯದ್ದನ್ನು ಕೊಯ್ದೆ. ತಲೆಯನ್ನು ಪೊಟ್ಟಣ ಕಟ್ಟಿ ಅವನಿಗೆ ಕಾಣುವ ಹಾಗೆ ಇಟ್ಟೆ. ಅರ್ಥ ಮಾಡ್ಕೊಂಡಾನು ಅಂತ. ಅವನು ಪೊಲೀಸರನ್ನು ಕರೆದ!"

ಹೀರೋ ಸಾರ್ ನನ್ನ ಕಿವಿಯಲ್ಲಿ, "ಹೇಳಿದ್ನಲ್ಲ, ಸಂದೇಶ ಅಂತ," ಎಂದರು. ಅವರು ಹೇಳಿದ್ದರಲ್ಲಿ ಅರ್ಧ ಸರಿಯಾಗಿತ್ತು. ಆ ಅರ್ಧವೇ ನಮ್ಮನ್ನು ಹಾಳುಮಾಡಿದ್ದು.

"ಅದಕ್ಕಾಗಿ ಭಟ್ಟರ ಕೆಲಸ ಹೋಯ್ತು ಅಕ್ಕೆರೆ," ಎಂದೆ.

ಅವರ ಮುಖದ ಬಣ್ಣ ಇಳಿಯಿತು. "ಯಾವ ಭಟ್ಟರು? ನಮ್ಮ ಸುಂದರ ಭಟ್ಟರಾ? ಹುಷಾರಿಲ್ಲ, ಅದಕ್ಕೆ ತಿಂಡಿ ತರಲಿಲ್ಲ ಅಂತ ಹೇಳಿದ್ನಲ್ಲ ತಮ್ಮ!"

ಸೆರಗಿಗೆ ಕೈ ಒರೆಸಿ, ಚಪ್ಪಲಿ ಮೆಟ್ಟಿ ಹೊರಟೇ ಬಿಟ್ಟರು. ನಾವು ಹಿಂದಿನಿಂದ ಹೋದೆವು. ಸಂಜೆಯ ಕಾಫಿಯ ಹೊತ್ತು, ಹೋಟೆಲಿನಲ್ಲಿ ಜನ. ಶೆಟ್ಟರು ಗಲ್ಲಾಪೆಟ್ಟಿಗೆಯ ಎದುರು ಕೂತಿದ್ದರು. ಹಿಂದೆ ಎಂದೂ ಹೋಟೆಲಿಗೆ ಕಾಲಿಡದ ಅಕ್ಕ ಎದುರು ಬಂದು ನಿಂತದ್ದು ನೋಡಿ ಎದ್ದು ನಿಂತರು.

"ನಾರಾಯಣ, ನಿನ್ನ ಹುಂಜಗಳನ್ನು ಕೊಂದದ್ದು ನಾನು. ಭಟ್ಟರಲ್ಲ."

ಶೆಟ್ಟರಿಗೆ ಒಂದೊಂದಾಗಿ ಅರ್ಥವಾಗುತ್ತಾ ಹೋದದ್ದು ಮುಖದಲ್ಲೇ ಕಾಣುತ್ತಿತ್ತು.

"ಹಾಗಾದ್ರೆ... ದೇಹ ಎಲ್ಲ ಎಲ್ಲಿಗೆ ಹೋಯ್ತು?"

ಅಕ್ಕ ಅವರ ಹೊಟ್ಟೆಯನ್ನು ನೋಡಿದರು.

"ನನ್ನ ಬಿಳಿ ಹುಂಜ, ಬೊಳ್ಳೆ?"

"ನೀನೇ ತಿಂದೆ."

"ಉರಿಯೆ?"

"ಕಾಲು ನನಗೇ ಬೇಕು ಅಂತ ಕೇಳಿ ಹಾಕಿಸ್ಕೊಂಡೆ."

ಶೆಟ್ಟರು ಗಲ್ಲಾ ಮೇಜು ಹಿಡಿದುಕೊಂಡರು. "ಅಕ್ಕ, ನಿನ್ನೆಯದ್ದು... ಕೆಮ್ಮೈರೆಯಾ?"

"ಎರಡು ಸಲ ಹಾಕಿಸ್ಕೊಂಡೆ ನೀನು," ಎಂದರು ಅಕ್ಕ. "ಇನ್ನು ಮೂರು ಹುಂಜ ಉಂಟು ಹಿತ್ತಿಲಲ್ಲಿ. ಹಸಿವಾದ್ರೆ ಬಾ."

ಹೋಟೆಲಿನಲ್ಲಿ ಮೊದಲು ಯಾರೋ ಕೆಮ್ಮಿದರು, ಆಮೇಲೆ ಯಾರೋ ನಕ್ಕರು, ಆಮೇಲೆ ಎಲ್ಲರೂ. ಶೆಟ್ಟರು ನಗಲಿಲ್ಲ. ಗಲ್ಲಾ ಬಿಟ್ಟು ಅಡುಗೆಮನೆಗೆ ಹೋಗಿ ಒಬ್ಬರೇ ಕೂತು ಅತ್ತರು. ಅವರು ಅಳುತ್ತಿದ್ದದ್ದು ಹುಂಜಕ್ಕಾಗಿಯೋ ಸೋದರಳಿಯನ ಕೈಗಾಗಿಯೋ ನನಗೆ ಗೊತ್ತಿಲ್ಲ. ಉಳಿದ ಮೂರು ಹುಂಜಗಳನ್ನು ಅದೇ ವಾರ ಯಾರಿಗೋ ಕೊಟ್ಟುಬಿಟ್ಟರು. ಅವರು ಮತ್ತೆ ಅಂಕಕ್ಕೆ ಹೋದದ್ದನ್ನು ನಾನಂತೂ ನೋಡಿಲ್ಲ.

ಮರುದಿನ ಹೀರೋ ಸಾರ್ ಜೊತೆ ಬೋಳಾರಕ್ಕೆ ಹೋಗಿ ಭಟ್ಟರ ಬಾಗಿಲು ತಟ್ಟಿದೆ. ಶೆಟ್ಟರು ಹೇಳಿಕಳಿಸಿದ್ದರೂ ಭಟ್ಟರು ಕೆಲಸಕ್ಕೆ ಹೋಗಿರಲಿಲ್ಲ. ಹೀರೋ ಸಾರ್ ಮೊದಲು ಕೈಮುಗಿದು, ತಪ್ಪು ನನ್ನದು ಎಂದರು.

"ನೀವು ಸಿನಿಮಾದವರು ಸ್ವಾಮಿ, ನಿಮ್ಮದು ಕಥೆ," ಎಂದರು ಭಟ್ಟರು. ನನ್ನನ್ನು ತೋರಿಸಿ, "ಇವರದ್ದು ಯೂನಿಫಾರ್ಮ್," ಎಂದರು.

ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದೆ. ಭಟ್ಟರೇ ಮಾತು ಮುಂದುವರಿಸಿದರು.

"ಪೂಜಾರ್ರೇ, ನೀವು ಇಲ್ಲಿ ಬಂದು ಕ್ಷಮೆ ಕೇಳಿದ್ರೆ ಈ ನಾಲ್ಕು ಗೋಡೆಗೆ ಗೊತ್ತಾಗ್ತದೆ. ನನ್ನನ್ನು ಕರ್ಕೊಂಡು ಹೋದದ್ದು ಗಿರಾಕಿಗಳ ಎದುರು. ನನ್ನ ಮಕ್ಕಳಿಗೆ ಶಾಲೆಯಲ್ಲಿ ಕೋಳಿಕಳ್ಳನ ಮಕ್ಕಳು ಅಂತ ಹೆಸರು ಬಿದ್ದಿದೆ. ಕೆಲಸಕ್ಕೆ ಹೋಗ್ತೇನೆ, ನಿಮ್ಮ ಜೀಪಿನಲ್ಲಿಯೇ ಹೋಗ್ತೇನೆ. ತಿಂಡಿಯ ಹೊತ್ತಿಗೆ. ಎದುರಿನ ಸೀಟಿನಲ್ಲಿ."

ಇನ್ಸ್‌ಪೆಕ್ಟರಿಗೆ ಹೇಳಿದೆ. ಅವರು ಜೀಪಿನ ಕೀಲಿಗೊಂಚಲನ್ನು ಮೇಜಿನ ಮೇಲೆ ತಳ್ಳಿದರು.

"ಜೀಪಿನ ಪುಸ್ತಕದಲ್ಲಿ ಎಂತ ಬರೆಯುವುದು ಸರ್?"

"ದೋಸೆ ತಪಾಸಣೆ."

ಬುಧವಾರ ಬೆಳಿಗ್ಗೆ ಭಟ್ಟರು ಒಗೆದ ಬಿಳಿ ಪಂಚೆ ಉಟ್ಟು ಮುಂದಿನ ಸೀಟಿನಲ್ಲಿ ಕೂತರು. ಅವರ ಹೆಣ್ಣುಮಕ್ಕಳು ಯೂನಿಫಾರ್ಮಿನಲ್ಲಿ ಹಿಂದೆ, ಹೀರೋ ಸಾರ್ ಅವರ ಪಕ್ಕ. ಮೊದಲು ಜೀಪನ್ನು ಶಾಲೆಯ ಗೇಟಿನ ಎದುರು ನಿಲ್ಲಿಸಿದೆವು. ಸಿನಿಮಾ ಹೀರೋ ಆ ಮಕ್ಕಳನ್ನು ಕೈಹಿಡಿದು ಇಳಿಸಿದ್ದನ್ನು ಇಡೀ ಶಾಲೆ ನೋಡಿತು. ಅಲ್ಲಿಂದ ಹೋಟೆಲಿಗೆ. ನಾನು ಇಳಿದು ಸುತ್ತು ಬಂದು ಭಟ್ಟರ ಕಡೆಯ ಬಾಗಿಲು ತೆಗೆದು, ಒಳಗಿದ್ದವರಿಗೆಲ್ಲ ಕೇಳುವ ಹಾಗೆ, "ಇವರು ಏನೂ ತಪ್ಪು ಮಾಡಿಲ್ಲ. ತಪ್ಪು ಮಾಡಿದ್ದು ನಾನು," ಎಂದೆ. ಯೂನಿಫಾರ್ಮ್ ಹಾಕಿಕೊಂಡು ಆ ಮಾತು ಹೇಳುವುದು ಎಷ್ಟು ಕಷ್ಟ ಎಂಬುದು ಹೇಳುವವನಿಗೇ ಗೊತ್ತು. ಆದರೆ ಹೇಳಿಯಾದ ಮೇಲೆ ಹಸಿವಾಗುತ್ತದೆ. ಭಟ್ಟರು ಕಾವಲಿಯ ಎದುರು ನಿಂತು ಹೊಯ್ದ ಮೊದಲ ದೋಸೆ ನನಗೆ ಬಂತು. ಬೇಕೆಂದೇ ಸ್ವಲ್ಪ ಕರಟಿಸಿದ್ದರು. ಪೂರ್ತಿ ತಿಂದೆ.

ಮರುವರ್ಷ ಸಿನಿಮಾ ಬಂತು. ಮೊದಲ ದಿನದ ಮ್ಯಾಟಿನಿಗೆ ನನಗೆ ಬಂದೋಬಸ್ತ್ ಡ್ಯೂಟಿ. ಬಾಲ್ಕನಿಯ ಮೊದಲ ಸಾಲಿನಲ್ಲಿ ರುಕ್ಮಿಣಿಯಕ್ಕ, ಪಕ್ಕದಲ್ಲಿ ಜಯರಾಮ, ಅವನ ಪಕ್ಕದಲ್ಲಿ ಶೆಟ್ಟರು. ನಾನು ಬಾಗಿಲ ಬಳಿ ನಿಂತಿದ್ದೆ. ಗಡ್ಡ ಬಿಟ್ಟ ಹೀರೋ ಸಾರ್ ತುಂಬ ನರಳಿದರು, ಕುಡಿದರು, ಗೋಡೆಗೆ ಗುದ್ದಿದರು. ಒಂದು ದಿನವೂ ಕೇಸ್ ಡೈರಿ ಬರೆಯಲಿಲ್ಲ. ಕೊನೆಗೆ ಗೋದಾಮಿನಲ್ಲಿ ಹಂತಕ ಸಿಕ್ಕಿಬಿದ್ದ. ಚಿಕ್ಕಂದಿನಲ್ಲಿ ತನ್ನನ್ನು ಎಲ್ಲರೂ ಹೀಯಾಳಿಸಿದರು, ಅದಕ್ಕಾಗಿ ಹತ್ತು ಜನರನ್ನು ಕೊಂದೆ ಎಂದು ಬಿಕ್ಕಿಬಿಕ್ಕಿ ಅತ್ತ. ಥಿಯೇಟರಿನಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ.

ಆ ನಿಶ್ಶಬ್ದದಲ್ಲಿ ರುಕ್ಮಿಣಿಯಕ್ಕನ ಸ್ವರ ಕೆಳಗೆ ಪರದೆಯ ಎದುರಿನ ಗಾಂಧಿ ಕ್ಲಾಸಿನ ತನಕ ಕೇಳಿತು.

"ಅಯ್ಯೋ, ಇಷ್ಟು ಸಣ್ಣ ವಿಷಯಕ್ಕೆ ಹತ್ತಾ?"